ಹರಕೆಯ ದಾರಿ, ಓಟದ ದಾರಿ

ಶ್ರೀರಂಗಪಟ್ಟಣವು ರಾಜಧಾನಿಯಾಗಿದ್ದ ದಿನಗಳಲ್ಲಿ, ಅಂದರೆ 1610ರಲ್ಲಿ ರಾಜ ಒಡೆಯರು ಅದನ್ನು ವಶಪಡಿಸಿಕೊಂಡಂದಿನಿಂದ 1799ರ ಪತನದವರೆಗೆ, ರಾಜ್ಯದ ವಾರ್ತೆಯಲ್ಲಿ ಬಹುಭಾಗವು ಮನುಷ್ಯರ ಕಾಲಿನ ಬಲದಿಂದಲೇ ಈ ದ್ವೀಪವನ್ನು ಸೇರಬೇಕಾಗಿದ್ದಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ನೆಲೆಗೊಂಡ ಅಂಚೆಯು ಓಲೆಗಳೊಡನೆ ದೂರದ ಊರುಗಳ ಗುಟ್ಟುಗಳನ್ನೂ ಅರಮನೆಗೆ ತಲಪಿಸುತ್ತಿದ್ದುದರಿಂದ ಅಂಚೆಯಾಳಿನ ಓಟಕ್ಕೆ ರಾಜಕಾರ್ಯದ ಗೌರವವಿದ್ದಿತು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಗುವವರೆಗೆ ಆ ಏರ್ಪಾಡು ಒಂದಲ್ಲ ಒಂದು ರೂಪದಲ್ಲಿ ಬಾಳಿತು. ಆದರೆ ಅಂಚೆಯಾಳು ತನ್ನ ಪಾಲಿನ ಹಾದಿಯನ್ನು ಓಡಿ, ಚೀಲವನ್ನು ಮತ್ತೊಬ್ಬನ ಕೈಗಿತ್ತು ಹಿಂದಿರುಗುತ್ತಿದ್ದವನು. ಇಡೀ ದೂರವನ್ನು ಕ್ರಮಿಸುತ್ತಿದ್ದುದು ಚೀಲವೇ ಹೊರತು ಅವನಲ್ಲ. ಇಡೀ ದೂರವನ್ನು ತಮ್ಮ ಕಾಲಿನಿಂದಲೇ ಅಳೆದವರನ್ನು ಅರಸಹೊರಟರೆ ಬೇರೆ ಕಡೆಗೆ ದೃಷ್ಟಿ ಹಾಯಿಸಬೇಕಾಗುತ್ತದೆ, ಮತ್ತು ಹಾಗೆ ಹಾಯಿಸಿದಾಗ ಕಾಣಸಿಗುವವರಲ್ಲಿ ಹೆಂಗಸರು ಬಹು ಮಂದಿ.

ಅಂಥವರನ್ನು ಕಾಣಲು ಒಂದು ಯುದ್ಧವನ್ನು ನೆನೆಯಬೇಕು. 1791ರ ಮೇ ತಿಂಗಳಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಎದುರಿಸಿ ಗೆದ್ದರೂ ಪಟ್ಟಣವನ್ನು ಮುತ್ತಲಾರದೆ ಹೋದನು. ಮೇವಿಲ್ಲದೆ ಎತ್ತುಗಳು ಸತ್ತವು, ಧಾನ್ಯ ಮುಗಿಯಿತು, ಈಗ ಕೃಷ್ಣರಾಜಸಾಗರದ ನೀರಿನಡಿಯಲ್ಲಿರುವ ಹಳೆಯ ಕನ್ನಂಬಾಡಿಯ ಸುತ್ತಿನಲ್ಲಿ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಅವನು ಹಿಮ್ಮೆಟ್ಟಬೇಕಾಯಿತು. ಮುಂದಿನ ವರ್ಷ ಅವನು ಮರಳಿ ಬಂದಾಗ ದಂಡಿನ ಹೊಟ್ಟೆ ತುಂಬಿಸಿದವರಲ್ಲಿ ಮುಖ್ಯರಾದವರು ಹೇರೆತ್ತುಗಳ ಮೇಲೆ ಧಾನ್ಯ ತಂದ ಲಂಬಾಣಿಗಳು. ಇವರು ಮನೆಯನ್ನು ಹಿಂದೆ ಬಿಟ್ಟು ವ್ಯಾಪಾರಕ್ಕೆ ಹೊರಟವರಲ್ಲ. ತಾಂಡವೇ ಅವರ ಮನೆ, ಆ ಮನೆಯು ನಡೆಯುತ್ತಲೇ ಇದ್ದಿತು. ಹೆಂಗಸರು ಕೂಸುಗಳನ್ನು ಎತ್ತಿಕೊಂಡು, ಎತ್ತುಗಳನ್ನು ಹೊಡೆದುಕೊಂಡು, ಬೀಡುಬಿಟ್ಟೆಡೆಯಲ್ಲಿ ಅಡಿಗೆ ಮಾಡಿ, ಮರುದಿನ ಮತ್ತೆ ಗಂಡಸರ ಸಮಕ್ಕೆ ಹೆಜ್ಜೆ ಹಾಕುತ್ತಿದ್ದರು. ಆ ಯುದ್ಧವನ್ನು ಕುರಿತ ಗ್ರಂಥಗಳಲ್ಲಿ ಎತ್ತುಗಳ ಲೆಕ್ಕಕ್ಕಿರುವ ಸ್ಥಾನ ಈ ಹೆಂಗಸರ ಕಾಲ್ನಡಿಗೆಗೆ ಇಲ್ಲ. ಯುದ್ಧದ ಇತಿಹಾಸವನ್ನು ಬರೆಯುವವರ ಆಸಕ್ತಿ ಸರಬರಾಜಿನಲ್ಲಿರುತ್ತದೆಯಲ್ಲದೆ ಸರಬರಾಜು ಮಾಡಿದವರಲ್ಲಿ ಇರುವುದಿಲ್ಲ.

ಯುದ್ಧಗಳು ಮುಗಿದುವು, ರೈಲು ಬಂದಿತು, ಬಸ್ಸು ಬಂದಿತು. ಆದರೂ ಈ ಸೀಮೆಯ ಹೆಂಗಸರ ದೂರದ ನಡಿಗೆ ನಿಲ್ಲಲಿಲ್ಲ. ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಶಿವರಾತ್ರಿಗೋ ದೀಪಾವಳಿಗೋ ನಡೆದೇ ಹೋಗುವ ಒಕ್ಕಲುಗಳು ಇಂದಿಗೂ ಇವೆ, ಮತ್ತು ಆ ಹಾದಿಯು ಅನೇಕರ ಪಾಲಿಗೆ ನೂರು ಕಿಲೋಮೀಟರನ್ನು ಮೀರುತ್ತದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಲ್ಲಿ ಶಿವರಾತ್ರಿಗೆ ಮುಂಚಿನ ದಿನಗಳಲ್ಲಿ ನಿಂತು ನೋಡಿದವರಿಗೆ, ಬೆಂಗಳೂರಿನ ಕಡೆಯಿಂದ ಹೊರಟು ಹಾಸನವನ್ನು ಹಾದು, ಚಾರ್ಮಾಡಿ ಘಾಟಿಯನ್ನು ಇಳಿದು ಧರ್ಮಸ್ಥಳವನ್ನು ಸೇರುವ ಪಾದಯಾತ್ರಿಗಳ ಸಾಲಿನಲ್ಲಿ ಹೆಂಗಸರ ಪಾಲು ಎಷ್ಟೆಂಬುದು ತಾನಾಗಿಯೇ ತಿಳಿಯುತ್ತದೆ. ಸುಮಾರು 300 ಕಿಲೋಮೀಟರಿನ ಆ ಯಾತ್ರೆಯಲ್ಲಿ ಅಂಗಾಲು ಬೊಬ್ಬೆಯೇಳದಂತೆ ಕಾಯ್ದುಕೊಳ್ಳುವುದು, ಬಿಸಿಲೇರುವ ಮುನ್ನ ದಾರಿ ಸವೆಸುವುದು, ಮೊದಲ ದಿನದ ಉತ್ಸಾಹದಲ್ಲಿ ಮೂರನೆಯ ದಿನದ ಬಲವನ್ನು ಕಳೆದುಕೊಳ್ಳದಿರುವುದು, ಇವೆಲ್ಲವೂ ಹಿರಿಯರಿಂದ ಕಿರಿಯರಿಗೆ ಬಂದ ವಿದ್ಯೆ. ಅಲ್ಟ್ರಾಮ್ಯಾರಥಾನ್ ಎಂದು ಕರೆಯಲ್ಪಡುವ, ಮ್ಯಾರಥಾನಿನ 42.195 ಕಿಲೋಮೀಟರನ್ನು ಮೀರಿದ ಓಟಗಳಲ್ಲಿ ತರಬೇತುದಾರರು ಕಲಿಸುವುದೂ ಬಹುಮಟ್ಟಿಗೆ ಇದನ್ನೇ. ಆ ಓಟಗಳಲ್ಲಿ ಏರುದಾರಿ ಬಂದರೆ ನುರಿತವರೂ ನಡೆಯುತ್ತಾರೆ. ನಡೆದರೆಂದು ಯಾರೂ ನಗುವುದಿಲ್ಲ. ಅಲ್ಲಿ ಐದಾರು ಮೈಲಿಗೊಂದರಂತೆ ನೀರು, ಉಪ್ಪು, ಹಣ್ಣು ಇಟ್ಟುಕೊಂಡು ಕಾಯುವ ಠಾಣೆಗಳು ನಮ್ಮ ಅರವಟ್ಟಿಗೆಗಳ ನೆಂಟರೇ ಸರಿ, ಮಜ್ಜಿಗೆ ಪಾನಕಗಳು ಮಾತ್ರ ಇಲ್ಲ.

ಹಾಗಾದರೆ ಇಷ್ಟು ನಡೆಯುವ ಹೆಂಗಸರು ಆ ಓಟಗಳಿಗೆ ಇಳಿಯಲು ಇರುವ ಕೊರತೆ ಎಲ್ಲಿರುವುದು? ನನ್ನ ಅಭಿಪ್ರಾಯದಲ್ಲಿ ಅದು ಕಾಲಿನಲ್ಲಿಲ್ಲ, ಕಾರಣದಲ್ಲಿ ಇದೆ. ಧಾನ್ಯಕ್ಕಾಗಿ, ಸಂತೆಗಾಗಿ, ಗಂಡನ ಕಾಯಿಲೆಯೋ ಮಗನ ಮದುವೆಯೋ ನಿಮಿತ್ತವಾದ ಹರಕೆಗಾಗಿ ಹೆಂಗಸು ನಡೆದಳಾದರೆ ಸಮಾಜವು ಅವಳಿಗೆ ದಾರಿ ಬಿಟ್ಟಿತು, ಮಾತ್ರವಲ್ಲ, ಛತ್ರವನ್ನೂ ಊಟವನ್ನೂ ಒದಗಿಸಿತು. ಅವಳೇ ಯಾವ ನಿಮಿತ್ತವೂ ಇಲ್ಲದೆ, ತನ್ನ ದೇಹದ ಶಕ್ತಿ ಎಷ್ಟೆಂದು ನೋಡುವುದಕ್ಕಾಗಿಯೇ ಬೆಳಗಿನ ಜಾವದಲ್ಲಿ ಬೂಟು ಕಟ್ಟಿಕೊಂಡು ಹೊರಟಳಾದರೆ, ಎಲ್ಲಿಗೆ, ಯಾರ ಜೊತೆ, ಮನೆಯಲ್ಲಿ ಅಡಿಗೆ ಯಾರದು ಎಂಬ ಪ್ರಶ್ನೆಗಳು ಬಾಗಿಲಲ್ಲಿಯೇ ಕಾದಿರುತ್ತವೆ.

ಈ ಸಂದೇಹ ನಮ್ಮ ಸೀಮೆಗೆ ಮಾತ್ರ ಸೇರಿದುದಲ್ಲ. ದಕ್ಷಿಣ ಆಫ್ರಿಕದಲ್ಲಿ 1921ರಲ್ಲಿ ಆರಂಭವಾದ, ಸುಮಾರು 90 ಕಿಲೋಮೀಟರಿನ ಕಾಮ್ರೇಡ್ಸ್ ಓಟದಲ್ಲಿ ಫ್ರಾನ್ಸಿಸ್ ಹೇವರ್ಡ್ ಎಂಬಾಕೆಯ ಪ್ರವೇಶಪತ್ರವನ್ನು 1923ರಲ್ಲಿ ನಿರಾಕರಿಸಲಾಯಿತು. ಆಕೆ ಪತ್ರವಿಲ್ಲದೆಯೇ ಓಡಿ ಮುಗಿಸಿದಳು, ಆದರೆ ಹೆಂಗಸರಿಗೆ ಅಧಿಕೃತವಾಗಿ ಬಾಗಿಲು ತೆರೆದುದು 1975ರಲ್ಲಿ. 1928ರ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರು ಓಡಿ ದಣಿದುದನ್ನೇ ದೊಡ್ಡದು ಮಾಡಿ ಆ ಸ್ಪರ್ಧೆಯನ್ನು 1960ರವರೆಗೆ ಕೈಬಿಡಲಾಯಿತು. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ನಡೆಯಲು 1984 ಬರಬೇಕಾಯಿತು. ಇಷ್ಟೆಲ್ಲ ಸಂಶಯಪಟ್ಟ ಲೋಕದ ಮುಂದೆ 2019ರಲ್ಲಿ ಜಾಸ್ಮಿನ್ ಪ್ಯಾರಿಸ್ ಎಂಬ ಎಳೆಯ ಮಗುವಿನ ತಾಯಿಯು ಬ್ರಿಟನ್ನಿನ 268 ಮೈಲಿಯ ಸ್ಪೈನ್ ಓಟವನ್ನು, ಠಾಣೆಗಳಲ್ಲಿ ಮಗುವಿಗಾಗಿ ಎದೆಹಾಲು ಹಿಂಡಿಕೊಳ್ಳುತ್ತ, 83 ಗಂಟೆ 12 ನಿಮಿಷಗಳಲ್ಲಿ ಮುಗಿಸಿ, ಗಂಡಸರೆಲ್ಲರನ್ನೂ ಹಿಂದಕ್ಕೆ ಹಾಕಿದಳು.

ಕನ್ನಡನಾಡಿನಲ್ಲಿ ಈ ಓಟದ ಕಥೆ ಈಚಿನದು. 2007ರಲ್ಲಿ ಬೆಂಗಳೂರು ಅಲ್ಟ್ರಾ ಆರಂಭವಾಯಿತು. ಶ್ರೀರಂಗಪಟ್ಟಣದಲ್ಲಿಯೇ ರಂಗನತಿಟ್ಟಿನ ಸಮೀಪದ ಕಾಲುವೆ ಏರಿಯ ಮಣ್ಣುಹಾದಿಯಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತ ಬಂದಿದೆ, ಅದು ಅಲ್ಟ್ರಾ ಅಲ್ಲವಾದರೂ ಅದರ ಹೊಸ್ತಿಲೆನ್ನಬಹುದು. 2022ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯ ಮತ್ತು ಓಷಿಯಾನಿಯಗಳ 24 ಗಂಟೆಯ ಓಟ ನಡೆದಾಗ ಭಾರತದ ಮಹಿಳೆಯರ ತಂಡ ಬೆಳ್ಳಿಯನ್ನು ಗಳಿಸಿತು. ಇದು ಹೆಮ್ಮೆಯ ಮಾತು. ಆದರೆ ರಂಗನತಿಟ್ಟಿನ ಏರಿಯ ಮೇಲೆ ಓಡಲು ನಗರದಿಂದ ಕಾರಿನಲ್ಲಿ ಬರುವವರು, ಪಕ್ಕದ ಗದ್ದೆಯಲ್ಲಿ ನಾಟಿಗೆ ಬಾಗಿದವರನ್ನು ದಾಟಿಕೊಂಡು ಹೋಗುತ್ತಾರೆ. ಅವರಿಬ್ಬರಲ್ಲಿ ದೂರಕ್ಕೆ ಪಳಗಿದ ಕಾಲು ಯಾರದೆಂಬುದು ವಿಚಾರಾರ್ಹ.

ಹೆಂಗಸರ ಓಟಕ್ಕೆ ಪ್ರೋತ್ಸಾಹವೆಂದರೆ ಭಾಷಣವೆಂದೂ ಗುಲಾಬಿ ಬಣ್ಣದ ಅಂಗಿಯೆಂದೂ ಭಾವಿಸುವವರುಂಟು. ನಿಜವಾದ ಪ್ರೋತ್ಸಾಹ ನಿಯಮಗಳ ಒಳಗೆ ಇರುತ್ತದೆ. 2018ರಲ್ಲಿ ಮೋಂ ಬ್ಲಾಂ ಪರ್ವತವನ್ನು ಸುತ್ತುವ 170 ಕಿಲೋಮೀಟರಿನ ಓಟದಲ್ಲಿ ಸೋಫಿ ಪವರ್ ಎಂಬಾಕೆಯು ಮೂರು ತಿಂಗಳ ಕೂಸಿಗೆ ಠಾಣೆಯೊಂದರಲ್ಲಿ ಮೊಲೆಯೂಡಿಸುತ್ತಿದ್ದ ಭಾವಚಿತ್ರ ಲೋಕಪ್ರಸಿದ್ಧವಾಯಿತು. ಗಾಯಗೊಂಡವರು ತಮ್ಮ ಸ್ಥಾನವನ್ನು ಮುಂದಿನ ವರ್ಷಕ್ಕೆ ಕಾದಿರಿಸಿಕೊಳ್ಳಬಹುದಾಗಿದ್ದಾಗ ಬಸುರಿಗೆ ಆ ಅವಕಾಶ ಇಲ್ಲದಿದ್ದುದೇ ಆ ಚಿತ್ರದ ಹಿಂದಿನ ಕಥೆ. ಇಂಥ ಒಂದು ಕಲಮನ್ನು ತಿದ್ದಿದರೆ ನೂರು ಭಾಷಣಗಳ ಕೆಲಸವಾಗುತ್ತದೆ. ಕತ್ತಲಿನ ಹಾದಿಗೆ ಜೊತೆ, ಬಾಗಿಲು ಭದ್ರವಾಗಿರುವ ಶೌಚಾಲಯ, ತಡವಾಗಿ ಬರುವವರನ್ನೂ ಕಾಯುವ ಗಡುವು: ಪಾದಯಾತ್ರೆಯ ದಾರಿಗಳಲ್ಲಿ ಊರವರು ತಮ್ಮ ಅಳವಿನಲ್ಲಿ ಇವುಗಳಲ್ಲಿ ಕೆಲವನ್ನಾದರೂ ಒದಗಿಸುತ್ತ ಬಂದಿದ್ದಾರೆ.

ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರವನ್ನು ಹಾದು, ಮೇಲುಕೋಟೆಯ ಬೆಟ್ಟವನ್ನು ಏರಿ, ಆಚೆಗಿಳಿದು ನಾಗಮಂಗಲವನ್ನು ಸೇರುವ ದಾರಿಯು ಮ್ಯಾರಥಾನನ್ನು ಧಾರಾಳವಾಗಿ ಮೀರುತ್ತದೆ. ನಡುವಿನ ಮೇಲುಕೋಟೆಯಲ್ಲಿ ಯಾತ್ರಿಕರನ್ನು ಇಳಿಸಿಕೊಂಡು ಅಭ್ಯಾಸವಿರುವ ಛತ್ರಗಳಿವೆ. ಯಾರಾದರೂ ಈ ಹಾದಿಯಲ್ಲಿ ಹೆಂಗಸರಿಗಾಗಿ ಓಟವೊಂದನ್ನು ಏರ್ಪಡಿಸುವುದಾದರೆ, ಮೊದಲ ಆಹ್ವಾನವನ್ನು ನಗರದ ಓಟದ ಸಂಘಗಳಿಗೆ ಕಳುಹುವ ಮುನ್ನ ಮಹದೇಶ್ವರನ ಬೆಟ್ಟಕ್ಕೆ ನಡೆಯುವ ಹಳ್ಳಿಗಳಿಗೆ ಕಳುಹುವುದು ಲೇಸು. ಹಿಂದಿನ ಮ್ಯಾರಥಾನಿನಲ್ಲಿ ತೆಗೆದುಕೊಂಡ ಹೊತ್ತೆಷ್ಟು ಎಂದು ಅರ್ಜಿಯಲ್ಲಿ ಕೇಳುವ ಜಾಗದಲ್ಲಿ, ಎಷ್ಟು ಸಲ ಪಾದಯಾತ್ರೆ ಮಾಡಿದ್ದೀರಿ ಎಂದು ಕೇಳಿದರೆ ಸಾಕು, ಉತ್ತರ ಬರೆಯಲು ಅವರಿಗೆ ಕಷ್ಟವಾಗಲಾರದು.