ನೀಲಿ ಚುಕ್ಕಿಯ ಮುತ್ತಜ್ಜ (ಭಾಗ 6)

ಟಿನ್ ಫ್ಯಾಕ್ಟರಿ ಹತ್ರ ನೀವು ಸರ್ವೀಸ್ ರೋಡಲ್ಲಿದ್ರೂ ಮ್ಯಾಪ್ ನಿಮ್ಮನ್ನ ಮೇನ್ ರೋಡಲ್ಲಿ ತೋರಿಸಿದ್ಯಾ? 😅 ಫೋನ್ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತೆ. ತಾನೇ ಓಡೋ ಕಾರಿಗೆ ಅಷ್ಟು ತಪ್ಪಿದ್ರೆ ಪಕ್ಕದ ಲೇನ್!

ಒಂದು ಪರಿಹಾರ ಹಳೇದೇ: ಮೊದಲು ಒಂದಷ್ಟು ಜಾಗ ಪಕ್ಕಾ ಅಳೆದಿಡಿ, ಉಳಿದದ್ದನ್ನ ಅದರಿಂದ ತಿದ್ದಿ. 1800ರಲ್ಲಿ ಲ್ಯಾಂಬ್ಟನ್ ಇದೇ ಬೆಂಗಳೂರಲ್ಲಿ ಉಕ್ಕಿನ ಸರಪಳಿ ಹಾಸಿ ಸುಮಾರು 7.4 ಮೈಲಿ ಅಳೆದ. ಬಿಸಿಲಿಗೆ ಸರಪಳಿ ಹಿಗ್ಗುತ್ತಲ್ಲ, ಅದಕ್ಕೆ ಥರ್ಮಾಮೀಟರ್ ಬೇರೆ! 1868ರಲ್ಲಿ ಮತ್ತೆ ಅಳತೆ: ಒಂದು ತುದಿ ಈಗಿನ ಮೇಖ್ರಿ ಸರ್ಕಲ್, ಇನ್ನೊಂದು ಹೆಣ್ಣೂರು ಆಚೆಯ ಕಣ್ಣೂರು.

ಇವತ್ತು ಕುಂದಲಹಳ್ಳಿಯ ‘ಗಗನ್’ ಕೇಂದ್ರ, ಸ್ಥಾನ ಗೊತ್ತಿರೋ ಸ್ಟೇಷನ್‌ಗಳ ಲೆಕ್ಕ ಹಿಡಿದು ಉಪಗ್ರಹದ ಮೂಲಕ ತಿದ್ದುಪಡಿ ಕಳಿಸುತ್ತೆ, ಮುಖ್ಯವಾಗಿ ವಿಮಾನಗಳಿಗೆ. ಲೇನ್ ಹಿಡಿಯೋಕೆ ಇನ್ನೂ ನಿಖರತೆ ಬೇಕು.

ಕಣ್ಣೂರಿನ ಕಟ್ಟಡ? 2024ರಲ್ಲಿ ಕೆಡವಿಬಿಟ್ರು. ಮೇಖ್ರಿಯ ಗೋಪುರವನ್ನಾದ್ರೂ ಒಮ್ಮೆ ನೋಡ್ಕೊಂಡು ಬನ್ನಿ.