ಸಿಬಿಐ ಮನೆಯೊಳಗಿನ ಜಗಳ ಮತ್ತು ನಮ್ಮ ಓಬಳಾಪುರಂ ಗುಡ್ಡ

ಸಮಾಜ ಪಾಠ ಮಾಡುವಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ಕೇಳಿದ, "ಸಾರ್, ತಪ್ಪು ಮಾಡಿದೋರ ಮನೆಗೆ ಸಿಬಿಐನೋರು ಹೋಗ್ತಾರೆ. ಸಿಬಿಐನೋರ ಮನೆಗೆ ಯಾರು ಹೋಗ್ತಾರೆ?" ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಸಂಜೆ ಬಸ್ಸಿನಲ್ಲಿ ಕೂತಾಗ ಅನ್ನಿಸಿತು, ಇದು ನಗುವ ಪ್ರಶ್ನೆಯಲ್ಲ. 2018ರ ಅಕ್ಟೋಬರಿನಲ್ಲಿ ಸಿಬಿಐನವರೇ ಸಿಬಿಐ ಕಚೇರಿಗೆ ಹೋಗಿ ಶೋಧ ಮಾಡಿದ್ದರು! ಆ ಕಥೆಯನ್ನು ಹುಡುಗನಿಗೆ ಸರಿಯಾಗಿ ಹೇಳಲು ಪೀರಿಯಡ್ ಸಾಲಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ರಾಯದುರ್ಗದ ಕಡೆಯವರಿಗೆ ಸಿಬಿಐ ಎಂಬ ಹೆಸರು ದೂರದ್ದಲ್ಲ. ಡಿ. ಹಿರೇಹಾಳ್ ಮಂಡಲದ ಓಬಳಾಪುರಂ ನಮ್ಮದೇ ನೆರೆ. ಆ ಕೆಂಪು ಧೂಳನ್ನು ನಾವು ಉಸಿರಾಡಿದವರು. ಅದಿರಿಗಾಗಿ ಆಂಧ್ರ–ಕರ್ನಾಟಕ ಗಡಿಯ ಗುರುತುಗಳನ್ನೇ ಅಳಿಸಿದರೆಂಬ ದೂರು ಎದ್ದಾಗ, 2009ರ ಕೊನೆಯಲ್ಲಿ ರೋಶಯ್ಯನವರ ಸರ್ಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. 2011ರ ಸೆಪ್ಟೆಂಬರ್ 5ರಂದು ಗಾಲಿ ಜನಾರ್ದನ ರೆಡ್ಡಿಯವರನ್ನು ಬಳ್ಳಾರಿಯಲ್ಲಿ ಬಂಧಿಸಿದಾಗ ಇಲ್ಲಿಯ ಟೀ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಶಿಕ್ಷಕರ ದಿನಾಚರಣೆಯ ದಿನ ಅದು, ಅದಕ್ಕೇ ನನಗೆ ತಾರೀಖು ಮರೆತಿಲ್ಲ. "ಸಿಬಿಐ ಬಂದ್ರೆ ಯಾರನ್ನೂ ಬಿಡಲ್ಲ" ಎಂಬ ನಂಬಿಕೆ ನಮ್ಮ ಜನಕ್ಕೆ ಬಂದದ್ದು ಹಾಗೆ.

ಈ ಸಂಸ್ಥೆಯ ಹುಟ್ಟನ್ನು ಸ್ವಲ್ಪ ನೋಡೋಣ. ಎರಡನೇ ಮಹಾಯುದ್ಧದ ಕಾಲ. ಸೈನ್ಯಕ್ಕೆ ಸರಕು ಒದಗಿಸುವ ಗುತ್ತಿಗೆಗಳಲ್ಲಿ ಲಂಚ ವಿಪರೀತವಾಗಿತ್ತು. ಅದನ್ನು ಹಿಡಿಯಲು ಬ್ರಿಟಿಷ್ ಸರ್ಕಾರ 1941ರಲ್ಲಿ ಒಂದು ವಿಶೇಷ ಪೊಲೀಸ್ ಪಡೆ ಕಟ್ಟಿತು. 1946ರಲ್ಲಿ ಅದಕ್ಕೆ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯಿದೆ ಬಂತು. 1963ರ ಏಪ್ರಿಲ್ 1ರಂದು ಗೃಹ ಸಚಿವಾಲಯದ ಒಂದು ನಿರ್ಣಯದ ಮೂಲಕ ಸಿಬಿಐ ಎಂಬ ಹೆಸರು. ಗಮನಿಸಿ, ಸಂಸತ್ತಿನ ಹೊಸ ಕಾನೂನಲ್ಲ, ಬರೀ ನಿರ್ಣಯ. ಇಂದಿಗೂ ಸಿಬಿಐ ನಿಂತಿರುವುದು ಆ 1946ರ ಕಾಯಿದೆಯ ಮೇಲೆಯೇ. ಅದರ 6ನೇ ಕಲಮಿನ ಪ್ರಕಾರ, ರಾಜ್ಯ ಸರ್ಕಾರ ಒಪ್ಪದೆ ಸಿಬಿಐ ಆ ರಾಜ್ಯದಲ್ಲಿ ಕಾಲಿಡುವಂತಿಲ್ಲ. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಆದೇಶಿಸಿದರೆ ಮಾತ್ರ ಬೇರೆ ಮಾತು.

ನಿರ್ದೇಶಕರನ್ನು ಆಳುವ ಪಕ್ಷ ತನಗೆ ಬೇಕಾದಾಗ ಬದಲಿಸುವುದನ್ನು ತಡೆಯಲು 1997ರ ಡಿಸೆಂಬರಿನಲ್ಲಿ ವಿನೀತ್ ನಾರಾಯಣ್ ಪ್ರಕರಣದ ತೀರ್ಪು ಬಂತು. ಕನಿಷ್ಠ ಎರಡು ವರ್ಷದ ಅವಧಿ ಅಂದಿತು ಕೋರ್ಟು. ಲೋಕಪಾಲ್ ಕಾನೂನು ಬಂದ ಮೇಲೆ ನಿರ್ದೇಶಕರನ್ನು ಆರಿಸುವುದು ಪ್ರಧಾನಿ, ವಿರೋಧ ಪಕ್ಷದ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಹೆಸರಿಸಿದ ನ್ಯಾಯಮೂರ್ತಿ ಇರುವ ಸಮಿತಿ. ಕಾಗದದ ಮೇಲೆ ಬೇಲಿ ಭದ್ರವಾಗಿಯೇ ಇದೆ. ಆದರೂ 2013ರಲ್ಲಿ ಕಲ್ಲಿದ್ದಲು ಹಗರಣದ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಸಿಬಿಐಯನ್ನು ಪಂಜರದ ಗಿಳಿ ಎಂದು ಕರೆಯಿತಲ್ಲ! ಆಗ ಯುಪಿಎ ಸರ್ಕಾರ. ಅಂದರೆ ಈ ರೋಗ ಒಂದು ಪಕ್ಷದ್ದಲ್ಲ.

ಈಗ ಜಗಳಕ್ಕೆ ಬರೋಣ. 2016ರ ಡಿಸೆಂಬರ್ ಆರಂಭದಲ್ಲಿ ನಿರ್ದೇಶಕ ಅನಿಲ್ ಸಿನ್ಹಾ ನಿವೃತ್ತರಾಗಬೇಕಿತ್ತು. ಅವರ ನಂತರದ ಹಿರಿಯರು ಕರ್ನಾಟಕ ಕೇಡರಿನ ಆರ್. ಕೆ. ದತ್ತಾ. 2ಜಿ, ಕಲ್ಲಿದ್ದಲು ತನಿಖೆಗಳನ್ನು ನೋಡುತ್ತಿದ್ದವರು. ಸಿನ್ಹಾ ನಿವೃತ್ತಿಗೆ ಇನ್ನೇನು ಎರಡು ದಿನವಿದೆ ಎನ್ನುವಾಗ ದತ್ತಾರನ್ನು ಗೃಹ ಸಚಿವಾಲಯಕ್ಕೆ ವರ್ಗ ಮಾಡಿದರು. ಹಂಗಾಮಿ ನಿರ್ದೇಶಕರಾದವರು ಗುಜರಾತ್ ಕೇಡರಿನ ರಾಕೇಶ್ ಅಸ್ಥಾನಾ. ಮೇವು ಹಗರಣದಲ್ಲಿ ಹೆಸರು ಮಾಡಿದ, ಗೋಧ್ರಾ ರೈಲು ಪ್ರಕರಣದ ತನಿಖೆ ನಡೆಸಿದ ಅಧಿಕಾರಿ. ದತ್ತಾ ಮುಂದೆ ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾದರು, ಅದು ಬೇರೆ ಕಥೆ.

2017ರ ಜನವರಿಯಲ್ಲಿ ಸಮಿತಿ ಸೇರಿ ದೆಹಲಿ ಪೊಲೀಸ್ ಆಯುಕ್ತ ಅಲೋಕ್ ವರ್ಮಾರನ್ನು ಪೂರ್ಣಾವಧಿ ನಿರ್ದೇಶಕರನ್ನಾಗಿ ಆರಿಸಿತು. ಸಮಿತಿಯಲ್ಲಿ ವಿರೋಧ ಪಕ್ಷದ ಪರವಾಗಿ ಇದ್ದವರು ನಮ್ಮ ಕಲಬುರ್ಗಿಯ ಮಲ್ಲಿಕಾರ್ಜುನ ಖರ್ಗೆ. ವರ್ಮಾರಿಗೆ ಸಿಬಿಐಯಲ್ಲಿ ಕೆಲಸ ಮಾಡಿದ ಅನುಭವವಿಲ್ಲ ಎಂದು ಅವರು ಭಿನ್ನಮತ ಬರೆದರು. ಈ ಭಿನ್ನಮತವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ವರ್ಷ ಅಕ್ಟೋಬರಿನಲ್ಲಿ ಅಸ್ಥಾನಾರಿಗೆ ವಿಶೇಷ ನಿರ್ದೇಶಕ ಹುದ್ದೆ ಕೊಡುವ ಮಾತು ಬಂದಾಗ ವರ್ಮಾ ಆಕ್ಷೇಪಿಸಿದರು. ಕೇಂದ್ರ ಜಾಗೃತ ಆಯೋಗ ಕೇಳಲಿಲ್ಲ, ನೇಮಕವಾಯಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯೂ ವಜಾ ಆಯಿತು. ಅಲ್ಲಿಂದ ಒಂದೇ ಕಟ್ಟಡದಲ್ಲಿ ಎರಡು ಒಲೆ ಹೊತ್ತಿದವು.

2018ರ ಆಗಸ್ಟ್ 24ರಂದು ಅಸ್ಥಾನಾ ಸಂಪುಟ ಕಾರ್ಯದರ್ಶಿಗೆ ದೂರು ಕೊಟ್ಟರು. ಮಾಂಸ ರಫ್ತು ವ್ಯಾಪಾರಿಯೊಬ್ಬರ ವಿರುದ್ಧದ ಪ್ರಕರಣದಲ್ಲಿ ಹೈದರಾಬಾದಿನ ಉದ್ಯಮಿಯೊಬ್ಬರು ವರ್ಮಾರಿಗೆ 2 ಕೋಟಿ ರೂಪಾಯಿ ಕೊಟ್ಟಿದ್ದಾರೆ ಎಂದು. ಅಕ್ಟೋಬರ್ 15ರಂದು ಸಿಬಿಐ ತನ್ನ ಎರಡನೇ ಸ್ಥಾನದ ಅಧಿಕಾರಿ ಅಸ್ಥಾನಾರ ಮೇಲೆಯೇ ಎಫ್‌ಐಆರ್ ಹಾಕಿತು. ದೂರುದಾರ ಯಾರು ಗೊತ್ತೇ? ಅದೇ ಹೈದರಾಬಾದ್ ಉದ್ಯಮಿ! ಲಂಚ ಅಸ್ಥಾನಾರ ಹೆಸರಿನಲ್ಲಿ ಹೋಯಿತು ಎಂದು ಅವರ ಹೇಳಿಕೆ. ಒಬ್ಬನೇ ಮನುಷ್ಯನ ಹೆಸರು ಹಿಡಿದು ಇಬ್ಬರು ಸಾಹೇಬರು ಒಬ್ಬರನ್ನೊಬ್ಬರು ಬಡಿದರು. ಅಕ್ಟೋಬರ್ 22ರಂದು ಸಿಬಿಐ ತನ್ನದೇ ಡಿವೈಎಸ್ಪಿ ಒಬ್ಬರನ್ನು ಬಂಧಿಸಿತು, ತನ್ನದೇ ಕಚೇರಿಯಲ್ಲಿ ಹುಡುಕಾಟ ನಡೆಸಿತು.

ಅಕ್ಟೋಬರ್ 23ರ ಮಧ್ಯರಾತ್ರಿ ಸರ್ಕಾರ ಇಬ್ಬರನ್ನೂ ರಜೆಯ ಮೇಲೆ ಕಳಿಸಿತು. ಒಡಿಶಾ ಕೇಡರಿನ ಎಂ. ನಾಗೇಶ್ವರ ರಾವ್ ಆ ಸರಿರಾತ್ರಿಯಲ್ಲೇ ಹಂಗಾಮಿ ಜವಾಬ್ದಾರಿ ವಹಿಸಿಕೊಂಡರು. ಬೆಳಕು ಹರಿದಾಗ ಅಸ್ಥಾನಾ ವಿರುದ್ಧ ತನಿಖೆ ಮಾಡುತ್ತಿದ್ದ ತಂಡ ಚೆಲ್ಲಾಪಿಲ್ಲಿ. ತನಿಖಾಧಿಕಾರಿ ಎ. ಕೆ. ಬಸ್ಸಿಯವರಿಗೆ ಪೋರ್ಟ್ ಬ್ಲೇರ್! ಮೇಷ್ಟ್ರುಗಳಾದ ನಮಗೆ ವರ್ಗಾವಣೆಯ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮನ್ನು ಹೆಚ್ಚೆಂದರೆ ಪಕ್ಕದ ಮಂಡಲಕ್ಕೆ ಹಾಕುತ್ತಾರೆ, ಸಮುದ್ರ ದಾಟಿಸುವುದಿಲ್ಲ. ಇಬ್ಬರು ಹಿರಿಯರು ಬೀದಿಗೆ ಬಿದ್ದು ಸಂಸ್ಥೆಯ ಮಾನ ಹೋಗುತ್ತಿತ್ತು, ಅದಕ್ಕೇ ಈ ಕ್ರಮ ಎಂದು ಸರ್ಕಾರ ಹೇಳಿತು. ರಫೇಲ್ ದೂರು ವರ್ಮಾರ ಮೇಜಿನ ಮೇಲಿತ್ತು, ಅದಕ್ಕೇ ಹೀಗಾಯಿತು ಎಂದು ವಿರೋಧ ಪಕ್ಷದವರು ಹೇಳಿದರು. ಸರ್ಕಾರದ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಜಗಳ ನಿಜಕ್ಕೂ ನಾಚಿಕೆಗೇಡಾಗಿತ್ತು. ಆದರೆ ಸಮಿತಿಯನ್ನು ಕೇಳಿ ಹಗಲಿನಲ್ಲಿ ಮಾಡಬಹುದಾದ ಕೆಲಸಕ್ಕೆ ನಡುರಾತ್ರಿ ಏಕೆ ಬೇಕಿತ್ತು ಎಂಬುದಕ್ಕೆ ನನಗೆ ಒಪ್ಪುವ ಉತ್ತರ ಸಿಕ್ಕಿಲ್ಲ.

ಸುಪ್ರೀಂ ಕೋರ್ಟಿಗೂ ಕಾನೂನು ಹಾಗೆಯೇ ಕಂಡಿತು. 2019ರ ಜನವರಿ 8ರಂದು, ಆಯ್ಕೆ ಸಮಿತಿಯ ಒಪ್ಪಿಗೆ ಇಲ್ಲದೆ ನಿರ್ದೇಶಕರ ಅಧಿಕಾರ ಕಿತ್ತುಕೊಳ್ಳುವಂತಿಲ್ಲ ಎಂದು ವರ್ಮಾರನ್ನು ಮರಳಿ ಕೂರಿಸಿತು. ಆದರೆ ದೊಡ್ಡ ನೀತಿ ನಿರ್ಧಾರ ಮಾಡಬಾರದು, ಒಂದು ವಾರದಲ್ಲಿ ಸಮಿತಿ ಸೇರಿ ತೀರ್ಮಾನಿಸಬೇಕು ಎಂದಿತು. ಒಂಬತ್ತರಂದು ವರ್ಮಾ ಕಚೇರಿಗೆ ಬಂದರು, ವರ್ಗಾವಣೆಗಳನ್ನು ರದ್ದು ಮಾಡಿದರು. ಹತ್ತರಂದು ಸಮಿತಿ ಸೇರಿ 2–1ರಿಂದ ಅವರನ್ನು ತೆಗೆಯಿತು. ಪ್ರಧಾನಿ ಮೋದಿ ಮತ್ತು ನ್ಯಾಯಮೂರ್ತಿ ಸಿಕ್ರಿ ಒಂದು ಕಡೆ. ವಿರೋಧಿಸಿದ ಒಬ್ಬರು ಖರ್ಗೆ! ಎರಡು ವರ್ಷದ ಹಿಂದೆ ಯಾರ ನೇಮಕಕ್ಕೆ ಭಿನ್ನಮತ ಬರೆದರೋ, ಅವರ ಮಾತನ್ನು ಕೇಳದೆ ತೆಗೆಯಬೇಡಿ ಎಂದು ಮತ್ತೊಂದು ಭಿನ್ನಮತ ಬರೆದರು. ಇದನ್ನು ಕೆಲವರು ರಾಜಕೀಯ ಎಂದರು. ಇರಬಹುದು. ಆದರೆ ಆರೋಪಿಯ ಮಾತು ಕೇಳಬೇಕೆಂಬುದು ನಾವು ತರಗತಿಯಲ್ಲಿ ಪೆನ್ನು ಕದ್ದ ಹುಡುಗನಿಗೂ ಪಾಲಿಸುವ ನಿಯಮ. ಜಾಗೃತ ಆಯೋಗದ ವಿಚಾರಣೆಯ ಮೇಲ್ವಿಚಾರಣೆ ಮಾಡಿದ್ದ ನಿವೃತ್ತ ನ್ಯಾಯಮೂರ್ತಿ ಎ. ಕೆ. ಪಟ್ನಾಯಕ್ ಅವರೂ, ವರ್ಮಾ ವಿರುದ್ಧ ಭ್ರಷ್ಟಾಚಾರದ ಸಾಕ್ಷ್ಯವಿರಲಿಲ್ಲ, ತೀರ್ಮಾನ ಅವಸರದ್ದು ಎಂದು ನಂತರ ಪತ್ರಿಕೆಗೆ ಹೇಳಿದರು. ವರ್ಮಾರನ್ನು ಅಗ್ನಿಶಾಮಕ ಸೇವೆಗೆ ಹಾಕಿದರು. ಅವರು ಹೋಗದೆ, ನನ್ನ ನಿವೃತ್ತಿ ವಯಸ್ಸು 2017ರಲ್ಲೇ ಮುಗಿದಿದೆ ಎಂದು ಪತ್ರ ಬರೆದು ಹೊರನಡೆದರು.

ನಾಗೇಶ್ವರ ರಾವ್ ಅವರದು ಇನ್ನೊಂದು ದೃಶ್ಯ. ಮುಜಾಫರಪುರ ಆಶ್ರಯಧಾಮ ಪ್ರಕರಣದ ಅಧಿಕಾರಿಯನ್ನು ಕೋರ್ಟಿನ ಆದೇಶ ಮೀರಿ ವರ್ಗಾಯಿಸಿದ್ದಕ್ಕೆ 2019ರ ಫೆಬ್ರವರಿ 12ರಂದು ಸುಪ್ರೀಂ ಕೋರ್ಟ್ ಅವರಿಗೆ 1 ಲಕ್ಷ ದಂಡ ಹಾಕಿ, ಕಲಾಪ ಮುಗಿಯುವವರೆಗೆ ಕೋರ್ಟಿನ ಮೂಲೆಯಲ್ಲಿ ಕೂರಿಸಿತು. ಅಸ್ಥಾನಾರಿಗೆ 2020ರಲ್ಲಿ ಸಿಬಿಐಯೇ ಸಾಕ್ಷ್ಯವಿಲ್ಲ ಎಂದು ಕ್ಲೀನ್ ಚಿಟ್ ಕೊಟ್ಟಿತು, ಕೋರ್ಟು ಒಪ್ಪಿತು. 2021ರ ಜುಲೈನಲ್ಲಿ ಅವರು ದೆಹಲಿ ಪೊಲೀಸ್ ಆಯುಕ್ತರಾದರು.

ನಮಗೆ ತಟ್ಟಿದ್ದು ಬೇರೆ ರೀತಿಯಲ್ಲಿ. ಜಗಳ ಬೀದಿಗೆ ಬಂದ ಕೆಲವೇ ದಿನಗಳಲ್ಲಿ, 2018ರ ನವೆಂಬರಿನಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು ಹಿಂತೆಗೆದುಕೊಂಡಿತು. ಸಿಬಿಐಯ ದೊಡ್ಡವರ ಮೇಲೆಯೇ ಆರೋಪವಿದೆಯಲ್ಲ ಎಂಬುದು ಕೊಟ್ಟ ಕಾರಣ. ತೆಲುಗುದೇಶಂ ಅದೇ ವರ್ಷ ಎನ್‌ಡಿಎ ಬಿಟ್ಟಿತ್ತು ಎಂಬುದನ್ನೂ ಸೇರಿಸಿ ಓದಬೇಕು. 2019ರಲ್ಲಿ ಜಗನ್ ಸರ್ಕಾರ ಬಂದು ಒಪ್ಪಿಗೆ ಮರಳಿ ಕೊಟ್ಟಿತು. ಗಡಿಯಾಚೆ ಕರ್ನಾಟಕ 2024ರ ಸೆಪ್ಟೆಂಬರಿನಲ್ಲಿ ತನ್ನ ಒಪ್ಪಿಗೆಯನ್ನು ಹಿಂತೆಗೆದುಕೊಂಡಿತು.

ಓಬಳಾಪುರಂ ಪ್ರಕರಣದ ತೀರ್ಪು ಬರಲು 2025ರ ಮೇ 6 ಆಯಿತು. ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಜನಾರ್ದನ ರೆಡ್ಡಿಯವರಿಗೆ 7 ವರ್ಷ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಪ್ರಶ್ನೆ ಕೇಳಿದ ಆ ಹುಡುಗ, ಸಿಬಿಐ ಕೇಸು ದಾಖಲಿಸಿದಾಗ ಇನ್ನೂ ಹುಟ್ಟಿರಲಿಲ್ಲ.