ಮೊದಲ ಅಮೆಜಾನ್ ಇದ್ದದ್ದು ಮನೆಯ ಜಗುಲಿಯಲ್ಲಿ

ಈಗ ನಮ್ಮ ಹೋಬಳಿಗೂ ಪಾರ್ಸೆಲ್ ಗಾಡಿ ಬರುತ್ತದೆ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಡಬ್ಬಗಳನ್ನು ಇಳಿಸಿ ಹೋಗುತ್ತಾರೆ. ಡಬ್ಬದ ಮೇಲಿನ ಅಮೆಜಾನ್ ಎಂಬ ಹೆಸರು ಓದಲು ಬಾರದವರಿಗೂ ಗೊತ್ತು. ಆದರೆ ಈ ಕಂಪನಿ ಹುಟ್ಟುವ 24 ವರ್ಷ ಮೊದಲೇ ಅದೇ ಹೆಸರಿನ ಪುಸ್ತಕದಂಗಡಿ ಒಂದಿತ್ತು, ಅದನ್ನು ನಡೆಸುತ್ತಿದ್ದವರು ಹೆಂಗಸರು ಎಂಬುದು ನಮಗೂ ತಡವಾಗಿ ತಿಳಿಯಿತು.

1970. ಅಮೆರಿಕದ ಉತ್ತರಕ್ಕಿರುವ, ಚಳಿಗೆ ಹೆಸರಾದ ಮಿನಿಯಾಪೊಲಿಸ್ ಊರು. ಇಬ್ಬರು ಹೆಂಗಸರು ತಾವಿದ್ದ ಮನೆಯ ಜಗುಲಿಯಲ್ಲೇ ಪುಸ್ತಕ ಜೋಡಿಸಿ ಮಾರತೊಡಗಿದರು. ಇಟ್ಟ ಹೆಸರು ಅಮೆಜಾನ್. ನದಿಯ ಹೆಸರಲ್ಲ. ಗ್ರೀಕರ ಕಥೆಗಳಲ್ಲಿ ಗಂಡಸರ ಹಂಗಿಲ್ಲದೆ ಯುದ್ಧ ಮಾಡುವ ಹೆಂಗಸರಿದ್ದಾರಲ್ಲ, ಅವರ ಹೆಸರು. ನಮ್ಮಲ್ಲಿ ಓಬವ್ವನ ಹೆಸರಿಟ್ಟ ಹಾಗೆ ಅಂದುಕೊಳ್ಳಿ.

ಪುಸ್ತಕಕ್ಕೂ ಹೆಂಗಸರದೇ ಅಂಗಡಿ ಯಾಕೆ ಬೇಕಿತ್ತು? ಹೆಂಗಸರು ತಮಗಾಗಿ ಬರೆದುಕೊಂಡದ್ದು ಮಾಮೂಲಿ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಅದೇ 1970ರಲ್ಲಿ ಬಾಸ್ಟನ್ ನಗರದ ಕೆಲವು ಹೆಂಗಸರು ಮುಟ್ಟು, ಬಸಿರು, ಹೆರಿಗೆಯ ಬಗ್ಗೆ ತಾವೇ ಓದಿ ತಿಳಿದು, ಅಗ್ಗದ ಕಾಗದದಲ್ಲಿ ಪುಸ್ತಕ ಅಚ್ಚು ಹಾಕಿಸಿದರು. ಬೆಲೆ 75 ಸೆಂಟ್. ಮುಂದೆ ಅದು ಲಕ್ಷಾಂತರ ಜನ ಓದಿದ ಪುಸ್ತಕವಾಯಿತು. ಇಂಥವನ್ನು ಕೌಂಟರಿನ ಕೆಳಗೆ ಮುಚ್ಚಿಡದೆ ಎದುರಿಗೇ ಇಡುವ ಜಾಗ ಬೇಕಿತ್ತು. ಜೊತೆಗೆ ಗೋಡೆಯ ಮೇಲೊಂದು ನೋಟಿಸ್ ಬೋರ್ಡ್. ಹೊಡೆಯುವ ಗಂಡನನ್ನು ಬಿಟ್ಟು ಬಂದವಳಿಗೆ ಬಾಡಿಗೆ ಕೋಣೆ, ಕೆಲಸ, ವಕೀಲರ ವಿಳಾಸ, ಎಲ್ಲಕ್ಕೂ ಆ ಬೋರ್ಡ್. ಪುಸ್ತಕ ಕೊಳ್ಳದೆ ಅದನ್ನಷ್ಟೇ ಓದಿ ಹೋಗುವವರೂ ಇದ್ದರು.

ಬಂಡವಾಳದ ಕಥೆ ಕೇಳಿದರೆ ನಮ್ಮೂರಿನದೇ ಅನ್ನಿಸುತ್ತದೆ. ಆಗ ಅಲ್ಲಿನ ಬ್ಯಾಂಕುಗಳು ಸಾಲ ಕೇಳಿದ ಹೆಂಗಸಿಗೆ ಗಂಡನ ಸಹಿ ತಾ, ಇಲ್ಲವೇ ಅಪ್ಪನ ಸಹಿ ತಾ ಅನ್ನುತ್ತಿದ್ದವು. ಸಾಲ ಕೊಡುವಾಗ ಹೆಣ್ಣು ಗಂಡು ಎಂದು ಭೇದ ಮಾಡಬಾರದೆಂಬ ಕಾಯ್ದೆ ಬಂದದ್ದು 1974ರಲ್ಲಿ. ವ್ಯಾಪಾರದ ಸಾಲಕ್ಕೆ ಗಂಡಸಿನ ಸಹಿ ಕೇಳುವ ಪದ್ಧತಿ ಕೆಲವು ರಾಜ್ಯಗಳಲ್ಲಿ ಅಳಿಯಲು 1988ರ ಇನ್ನೊಂದು ಕಾಯ್ದೆಯೇ ಬರಬೇಕಾಯಿತು. ಹಾಗಾಗಿ 1973ರಲ್ಲಿ ಡೆಟ್ರಾಯಿಟ್ ನಗರದ ಹೆಂಗಸರು ತಮ್ಮದೇ ಸಾಲದ ಸಹಕಾರ ಸಂಘ ಕಟ್ಟಿದರು. ಬೇರೆ ಊರುಗಳಲ್ಲೂ ಇಂಥ ಸಂಘಗಳು ಎದ್ದವು. ಕ್ಯಾರೊಲ್ ಸೀಜೇ ಎಂಬಾಕೆ 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೆಳತಿಯ ಜೊತೆ ಪುಸ್ತಕದಂಗಡಿ ತೆರೆದದ್ದು ಅಂಥ ಸಂಘದ ಸಾಲದಿಂದಲೇ. ನಮ್ಮ ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಒಂದು ಮಾತು: ನಮ್ಮ ಕಡೆ ಹೆಂಗಸರು ಕೂರುವ ಎಷ್ಟೋ ಅಂಗಡಿಗಳ ಫೋನ್ ಪೇ ಸ್ಟಿಕರ್ ಇವತ್ತಿಗೂ ಮಗನ ಖಾತೆಯದೇ.

ನಡೆಸುವುದು ಸುಲಭವಿರಲಿಲ್ಲ. ಯಜಮಾನಿ ಅಂತ ಒಬ್ಬಳಿರಬಾರದು, ಎಲ್ಲರೂ ಕೂತು ತೀರ್ಮಾನ ಮಾಡಬೇಕು ಎಂಬ ನಿಯಮ ಹಲವು ಅಂಗಡಿಗಳಲ್ಲಿತ್ತು. ಕೇಳಲು ಚೆಂದ. ಆದರೆ 1982ರಲ್ಲಿ ಓಕ್ಲೆಂಡ್ ನಗರದ ಇಂಥ ಅಂಗಡಿಯೊಂದರಲ್ಲಿ ವರ್ಣಭೇದದ ಮಾತಿಗೆ ಜಗಳ ಬೆಳೆದು, ಒಂದು ಗುಂಪು ಬೀಗ ಬದಲಿಸಿ ಇನ್ನೊಂದು ಗುಂಪನ್ನು ಹೊರಗಿಟ್ಟಿತು. ಹೆಂಗಸರೆಲ್ಲ ಒಂದೇ ಎಂದು ಹೊರಟವರಿಗೆ, ಬಿಳಿಯರು ಕರಿಯರು ಎಂಬ ಭೇದ ಒಳಗೇ ಇದೆ ಅಂತ ಅಂಗಡಿಯೇ ಕಲಿಸಿತು.

ಸೀಜೇ ಮಾಡಿದ ಇನ್ನೊಂದು ಕೆಲಸ ನಮಗೆ ಪತ್ರಕರ್ತರಾಗಿ ಹೆಚ್ಚು ಹಿಡಿಸಿತು. 1976ರಿಂದ 2000ದವರೆಗೆ ಆಕೆ ಈ ಅಂಗಡಿಗಳಿಗಾಗಿಯೇ ಒಂದು ಪತ್ರಿಕೆ ನಡೆಸಿದರು. ಯಾವ ಪುಸ್ತಕ ಬಂತು, ಯಾವುದು ಅಚ್ಚು ನಿಂತಿತು, ಯಾವ ಪ್ರಕಾಶಕರು ದೊಡ್ಡ ಅಂಗಡಿಗೆ ಹೆಚ್ಚು ಕಮಿಷನ್ ಕೊಡುತ್ತಿದ್ದಾರೆ, ಇಂಥದ್ದೇ ಸುದ್ದಿ. 1990ರ ದಶಕದಲ್ಲಿ ಅಮೆರಿಕ, ಕೆನಡಾ ಸೇರಿ ನೂರಕ್ಕೂ ಹೆಚ್ಚು ಸ್ತ್ರೀವಾದಿ ಪುಸ್ತಕದಂಗಡಿಗಳಿದ್ದವು.

ಹೆಸರಿನ ಕಂಪನಿ ಬಂದದ್ದು ಆಗಲೇ. 1995ರಲ್ಲಿ ಅಮೆಜಾನ್ ಡಾಟ್ ಕಾಮ್ ಇಂಟರ್ನೆಟ್ಟಿನಲ್ಲಿ ಪುಸ್ತಕ ಮಾರಲು ಶುರು ಮಾಡಿತು. ಮಿನಿಯಾಪೊಲಿಸ್ಸಿನ ಅಂಗಡಿಗೆ ಜನ ಫೋನ್ ಮಾಡಿ "ನಮ್ಮ ಆರ್ಡರ್ ಎಲ್ಲಿ?" ಅನ್ನತೊಡಗಿದರು. ಆ ಹೊತ್ತಿಗೆ ಅಂಗಡಿ, ಅದರಲ್ಲಿ ದುಡಿಯುವ ಹೆಂಗಸರದೇ ಸಹಕಾರ ಸಂಘವಾಗಿತ್ತು. 1999ರ ಏಪ್ರಿಲ್‌ನಲ್ಲಿ ಅವರು ಕೋರ್ಟಿಗೆ ಹೋದರು. ವಿಚಾರಣೆಯಲ್ಲಿ ಕಂಪನಿಯ ವಕೀಲರು ಆ ಹೆಂಗಸರನ್ನು, ನೀವು ಹೆಣ್ಣನ್ನೇ ಪ್ರೀತಿಸುವವರಾ ಎಂದು ಕೇಳಿದರು. ಹೆಸರಿನ ತಕರಾರಿಗೂ ಅದಕ್ಕೂ ಏನು ಸಂಬಂಧವೋ! ಆ ಪ್ರಶ್ನೆಗೆ ಸಾಕಷ್ಟು ಟೀಕೆಯೂ ಬಂತು. ನವೆಂಬರ್‌ನಲ್ಲಿ ರಾಜಿಯಾಯಿತು. ಹೆಸರಿನ ಹಕ್ಕು ಕಂಪನಿಗೆ ಹೋಯಿತು, ಅಂಗಡಿಗೆ ಅದನ್ನು ಬಳಸಲು ಪರವಾನಗಿ ಸಿಕ್ಕಿತು. ಮೊದಲು ಹೆಸರಿಟ್ಟವರೇ ಬಾಡಿಗೆದಾರರಾದಂತೆ.

ಹೆಸರಿಗಿಂತ ಹೆಚ್ಚು ಹೊಡೆತ ಕೊಟ್ಟದ್ದು ಡಿಸ್ಕೌಂಟ್. ದೊಡ್ಡ ಮಳಿಗೆಗಳು, ಆಮೇಲೆ ಇಂಟರ್ನೆಟ್ ಕೊಡುತ್ತಿದ್ದ ಬೆಲೆಗೆ ಇವರು ಕೊಡಲಾಗಲಿಲ್ಲ. ಅಂಗಡಿ ಉಳಿಯಲಿ ಅನ್ನುತ್ತಿದ್ದ ಗಿರಾಕಿಗಳೇ ಅಗ್ಗ ಸಿಕ್ಕ ಕಡೆ ಹೋದರು. ಬೈಯಲು ನಮಗೆ ಬಾಯಿಲ್ಲ. ಬೀದಿ ಕೊನೆಯ ಸ್ಟೇಷನರಿ ಅಂಗಡಿಯ ಅಕ್ಕನ ಹತ್ತಿರ ಉದ್ರಿ ಹೇಳಿ ಓದಿದವರು ನಾವು. ಈಗ ಪೆನ್ ಡ್ರೈವ್ ತರಿಸುವುದು ಪಾರ್ಸೆಲಿನಲ್ಲಿ. 2008ರಲ್ಲಿ ಮಿನಿಯಾಪೊಲಿಸ್ಸಿನ ಅಂಗಡಿ ಕೈ ಬದಲಾಯಿತು, ಹೆಸರೂ ಬದಲಾಯಿತು. 2012ರಲ್ಲಿ ಬಾಗಿಲು ಹಾಕಿತು.

ಎಲ್ಲ ಮುಚ್ಚಲಿಲ್ಲ. ಅಟ್ಲಾಂಟಾದಲ್ಲಿ 1974ರಲ್ಲಿ ಶುರುವಾದ ಚಾರಿಸ್ ಬುಕ್ಸ್ ತನ್ನ ಸಭೆ, ಓದು, ಚರ್ಚೆಗಳ ಖರ್ಚಿಗೆಂದು 1996ರಲ್ಲಿ ದೇಣಿಗೆ ಪಡೆಯುವ ಬೇರೆ ಸಂಸ್ಥೆ ಕಟ್ಟಿಕೊಂಡು ಉಳಿಯಿತು. ಷಿಕಾಗೊದಲ್ಲಿ 1979ರಲ್ಲಿ ಇಬ್ಬರು ತೆರೆದ ಅಂಗಡಿಯನ್ನು 2014ರಲ್ಲಿ ಅಲ್ಲೇ ಕೆಲಸಕ್ಕಿದ್ದ ಇಬ್ಬರು ಹೆಂಗಸರು ಕೊಂಡರು. ನಮ್ಮ ಬೆಂಗಳೂರಿನಲ್ಲೂ 1980ರ ದಶಕದಲ್ಲಿ ವಿಮೋಚನಾ ಸಂಘಟನೆಯವರು ಸ್ತ್ರೀಲೇಖಾ ಎಂಬ ಪುಸ್ತಕದಂಗಡಿ ತೆರೆದಿದ್ದರು. ವರದಕ್ಷಿಣೆ ಸಾವುಗಳ ವಿರುದ್ಧ ಬೀದಿಗಿಳಿದವರೇ ಪುಸ್ತಕವನ್ನೂ ಮಾರಿದರು. ಅಲ್ಲಿ ಪುಸ್ತಕ ಕೊಂಡ ಓದುಗರು ನಿಮ್ಮಲ್ಲಿ ಯಾರಾದರೂ ಇದ್ದರೆ ನಮಗೆ ಬರೆಯಿರಿ, ಆ ಅಂಗಡಿಯ ಕಥೆಯನ್ನೇ ಮುಂದೆ ಬರೆಯುವ ಆಸೆಯಿದೆ.